ಬಾಕ್ಸೆಲ್ಡರ್ ಹುಳ ಮನೆಯೊಳಗೆ ಬಾರದಿರಬೇಕೆ? ಕೆಲಸ ಆಗಸ್ಟ್‌ನಲ್ಲೇ ಮುಗಿಯಲಿ

ಅಮೆರಿಕದ ಮಿಡ್‌ವೆಸ್ಟ್ ಕಡೆ ಬೇಸಿಗೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ, ಮಧ್ಯಾಹ್ನದ ಬಿಸಿಲು ಬೀಳುವ ಗೋಡೆಗಳ ಮೇಲೆ ಕಪ್ಪು-ಕೆಂಪು ಬಣ್ಣದ ಹುಳಗಳು ಗುಂಪುಗುಂಪಾಗಿ ಬಂದು ಕೂರುತ್ತವೆ. ಕೆಲವು ಮನೆಗಳಲ್ಲಿ ಹತ್ತಿಪ್ಪತ್ತು, ಕೆಲವು ಮನೆಗಳಲ್ಲಿ ಸಾವಿರಾರು. ಶಿಕಾಗೊ, ಮಿನಿಯಾಪೊಲಿಸ್, ಡೆಟ್ರಾಯಿಟ್ ಸುತ್ತಮುತ್ತ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ಅನೇಕರಿಗೆ ಈ ದೃಶ್ಯ ಗೊತ್ತು. ಊರಿಂದ ಬಂದ ಅಮ್ಮ ಕಿಟಕಿಯ ಹತ್ತಿರ ಇವನ್ನು ಕಂಡರೆ ಮೊದಲು ಕೇಳುವುದು, "ಇದು ತಿಗಣೆ ಅಲ್ಲ ತಾನೇ?" ಎಂದು.

ತಿಗಣೆ ಅಲ್ಲ. ಇದರ ಹೆಸರು ಬಾಕ್ಸೆಲ್ಡರ್ ಬಗ್. ರಕ್ತ ಹೀರುವುದಿಲ್ಲ, ರೋಗ ಹರಡುವುದಿಲ್ಲ, ಮರಮುಟ್ಟು ಕೊರೆಯುವುದಿಲ್ಲ, ಅಡುಗೆಮನೆಯ ಅಕ್ಕಿ-ಬೇಳೆಗೆ ಬಾಯಿ ಹಾಕುವುದಿಲ್ಲ, ಮನೆಯೊಳಗೆ ಮೊಟ್ಟೆಯಿಟ್ಟು ಸಂಸಾರವನ್ನೂ ಹೂಡುವುದಿಲ್ಲ. ಹಾಗಿದ್ದರೂ ಅದರ ಕಾಟ ಸುಳ್ಳಲ್ಲ. ಜನವರಿಯ ಚಳಿಯಲ್ಲಿ ದೇವರ ಮನೆಯ ದೀಪದ ಬಳಿ, ಪರದೆಯ ಮೇಲೆ, ಊಟದ ಮೇಜಿನ ಮೇಲೆ ಹುಳ ಹರಿದಾಡಿದರೆ ಯಾರಿಗೂ ಹಿತವಲ್ಲ. ಹಿಕ್ಕೆ ಬಿದ್ದಲ್ಲಿ ಕೆಂಗಂದು ಕಲೆ ಉಳಿಯುತ್ತದೆ. ಹೊಸಕಿದರೆ ಕೆಟ್ಟ ವಾಸನೆ, ಜೊತೆಗೆ ಬಟ್ಟೆಗೆ ಕಲೆ.

ಈ ಹುಳವನ್ನು ತಡೆಯುವ ಕೆಲಸ ಚಳಿಗಾಲದಲ್ಲಿ ಮನೆಯೊಳಗೆ ಮಾಡುವಂಥದ್ದಲ್ಲ, ಬೇಸಿಗೆಯ ಕೊನೆಯಲ್ಲಿ ಮನೆಯ ಹೊರಗೆ ಮಾಡುವಂಥದ್ದು. ಮದ್ದಿನ ಡಬ್ಬಿಗಿಂತ ಬಿರುಕು ಮುಚ್ಚುವ ಕಾಕ್ ಗನ್ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಯಾಕೆ ಎಂದು ತಿಳಿಯಲು ಹುಳದ ವರ್ಷಚಕ್ರವನ್ನೂ ಅಮೆರಿಕದ ಮನೆಯ ಗೋಡೆಯನ್ನೂ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು.

ಗುರುತು ಹಿಡಿಯುವುದು ಹೇಗೆ?

ಬೆಳೆದ ಹುಳ ಸುಮಾರು ಅರ್ಧ ಅಂಗುಲ ಉದ್ದ, ಚಪ್ಪಟೆ ಮೈ, ಕಪ್ಪು ಅಥವಾ ಕಡುಬೂದು ಬಣ್ಣ. ತಲೆಯ ಹಿಂದಿನ ಭಾಗದ ಮೇಲೆ ಉದ್ದಕ್ಕೆ ಮೂರು ಕೆಂಪು ಗೆರೆಗಳಿರುತ್ತವೆ, ಒಂದು ನಡುವೆ, ಎರಡು ಅಂಚಿನಲ್ಲಿ. ರೆಕ್ಕೆಯ ಅಂಚೂ ಕೆಂಪು. ರೆಕ್ಕೆ ಬಿಚ್ಚಿದರೆ ಕೆಳಗಿನ ಹೊಟ್ಟೆ ಪೂರ್ತಿ ಕೆಂಪು. ಮರಿಗಳು ಇನ್ನೂ ಕಡುಕೆಂಪಾಗಿದ್ದು, ರೆಕ್ಕೆ ಬಲಿತಿರುವುದಿಲ್ಲ. ವಿಜ್ಞಾನದಲ್ಲಿ ಇದು ಬೊಯಿಸಿಯ ಟ್ರೈವಿಟಾಟ. ಅಮೆರಿಕದ ಕೀಟವಿಜ್ಞಾನಿ ಥಾಮಸ್ ಸೇ 1825ರಲ್ಲಿ ಇದನ್ನು ಮೊದಲು ವಿವರಿಸಿದ. ರಾಕಿ ಪರ್ವತಗಳ ಪಶ್ಚಿಮಕ್ಕೆ, ಕ್ಯಾಲಿಫೋರ್ನಿಯ, ವಾಷಿಂಗ್ಟನ್ ಕಡೆ ಕಾಣುವುದು ಇದರ ಅಕ್ಕತಂಗಿಯಂಥ ಇನ್ನೊಂದು ಜಾತಿ. ತಡೆಯುವ ಉಪಾಯ ಎರಡಕ್ಕೂ ಒಂದೇ.

ಮನೆಯ ತಿಗಣೆ ಇದರ ಅರ್ಧದಷ್ಟೂ ಇರುವುದಿಲ್ಲ. ಅದು ಕಂದು ಬಣ್ಣದ್ದು, ಹಾರಲಾರದು, ಹಗಲು ಹಾಸಿಗೆಯ ಹೊಲಿಗೆಯಲ್ಲಿ ಅಡಗಿ ರಾತ್ರಿ ಹೊರಬರುತ್ತದೆ. ಬಾಕ್ಸೆಲ್ಡರ್ ಹುಳ ಹಾರುತ್ತದೆ, ಬಿಸಿಲನ್ನೇ ಹುಡುಕಿಕೊಂಡು ಹೋಗುತ್ತದೆ. ಟೆಕ್ಸಸ್‌ನಂಥ ದಕ್ಷಿಣದ ರಾಜ್ಯಗಳಲ್ಲಿರುವವರು ಚಾಗಸ್ ರೋಗ ತರುವ ಕಿಸ್ಸಿಂಗ್ ಬಗ್ ಇದೇ ಇರಬಹುದೆಂದು ಹೆದರುವುದುಂಟು. ಆ ಹುಳ ಇದಕ್ಕಿಂತ ಸಾಕಷ್ಟು ದೊಡ್ಡದು, ಅದರ ಬೆನ್ನ ಮೇಲೆ ಈ ಮೂರು ಗೆರೆಗಳಿರುವುದಿಲ್ಲ. ಬಾಕ್ಸೆಲ್ಡರ್ ಹುಳ ಕಚ್ಚುವುದು ಬಲು ಅಪರೂಪ. ಕೈಯಲ್ಲಿ ಒತ್ತಿ ಹಿಡಿದಾಗ ಸೂಜಿಯಂಥ ಬಾಯಿಯಿಂದ ಚುಚ್ಚಬಹುದು, ಅಷ್ಟೇ.

ಮರದಿಂದ ಗೋಡೆಗೆ

ಹುಳಕ್ಕೆ ಹೆಸರು ಬಂದದ್ದು ಬಾಕ್ಸೆಲ್ಡರ್ ಎಂಬ ಮೇಪಲ್ ಜಾತಿಯ ಮರದಿಂದ. ಬೇರೆ ಮೇಪಲ್‌ಗಳ ಎಲೆ ಅಂಗೈಯಂತೆ ಒಂದೇ ಹರವಾಗಿದ್ದರೆ, ಇದರ ಎಲೆ ಮೂರು, ಐದು ಕಿರುಎಲೆಗಳಾಗಿ ಒಡೆದಿರುತ್ತದೆ. ನಮ್ಮ ಬೇಲಿಯ ಲಕ್ಕಿ ಗಿಡದ ಎಲೆಯ ನೆನಪು ತರುವ ಎಲೆ ಅದು. ಲಕ್ಕಿಗೂ ಈ ಮರಕ್ಕೂ ಶಾಸ್ತ್ರೀಯ ಹೆಸರಿನಲ್ಲಿ 'ನೆಗುಂಡೊ' ಎಂಬ ಒಂದೇ ಪದ ಇರುವುದಕ್ಕೆ ಈ ಹೋಲಿಕೆಯೇ ಕಾರಣ. ಬಾಕ್ಸೆಲ್ಡರ್ ಬೇಗ ಬೆಳೆಯುವ, ಚಳಿ-ಬರ ಎರಡನ್ನೂ ತಾಳುವ ಮರ. ಮರಗಳಿಲ್ಲದ ಬಯಲುಸೀಮೆಗಳಲ್ಲಿ ಗಾಳಿತಡೆಯಾಗಿ ಜನ ಇದನ್ನು ಸಾಲುಸಾಲಾಗಿ ನೆಟ್ಟರು. ಹಳ್ಳದ ದಂಡೆಗಳಲ್ಲಿ, ಖಾಲಿ ಸೈಟುಗಳಲ್ಲಿ ತಾನಾಗಿಯೇ ಹುಟ್ಟುವುದೂ ಉಂಟು.

ಪಪ್ಪಾಯಿಯ ಹಾಗೆ ಇದರಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೆಣ್ಣು ಮರದಲ್ಲಿ ರೆಕ್ಕೆಯುಳ್ಳ ಬೀಜಗಳು ಗೊಂಚಲು ಗೊಂಚಲಾಗಿ ನೇತಾಡುತ್ತವೆ. ಹುಳಕ್ಕೆ ಮುಖ್ಯ ಆಹಾರ ಈ ಬೀಜದ ರಸ. ಬೇರೆ ಮೇಪಲ್, ಆ್ಯಶ್ ಮರಗಳ ಬೀಜಗಳಿಂದಲೂ ಅದು ಹೊಟ್ಟೆ ಹೊರೆಯುತ್ತದೆ.

ಮಿನೆಸೋಟದಂಥ ಉತ್ತರದ ರಾಜ್ಯದಲ್ಲಿ ಇದರ ವರ್ಷ ಹೀಗೆ ಸಾಗುತ್ತದೆ. ಚಳಿಗಾಲವನ್ನು ಬಿರುಕುಗಳಲ್ಲಿ ಕಳೆದ ದೊಡ್ಡ ಹುಳಗಳು ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಹೊರಬೀಳುತ್ತವೆ. ಮೊದಮೊದಲು ನೆಲದ ಮೇಲೆ ಬಿದ್ದ ಬೀಜ, ಸಣ್ಣಪುಟ್ಟ ಗಿಡಗಳ ಮೇಲೆ ಬದುಕುತ್ತವೆ. ಜುಲೈ ನಡುವಿನಲ್ಲಿ ಬೀಜ ಹೊತ್ತ ಹೆಣ್ಣು ಮರಗಳನ್ನು ಏರಿ ಕಾಂಡ, ಕೊಂಬೆ, ಎಲೆಗಳ ಮೇಲೆ ಮೊಟ್ಟೆಯಿಡುತ್ತವೆ. ಸುಮಾರು ಎರಡು ವಾರದಲ್ಲಿ ಮರಿಗಳು ಹೊರಬಂದು, ಐದು ಸಲ ಪೊರೆ ಕಳಚಿ, ಬೇಸಿಗೆ ಮುಗಿಯುವಷ್ಟರಲ್ಲಿ ರೆಕ್ಕೆ ಬಲಿತ ಹುಳಗಳಾಗುತ್ತವೆ. ಅಲ್ಲಿ ವರ್ಷಕ್ಕೆ ಒಂದು ಪೀಳಿಗೆ. ಬೆಚ್ಚನೆಯ ದಕ್ಷಿಣದ ಕಡೆ ಎರಡು. ಬೇಸಿಗೆ ಬಿಸಿಯಾಗಿ, ಮಳೆ ಕಡಿಮೆಯಾಗಿದ್ದ ವರ್ಷ ಇವುಗಳ ಸಂಖ್ಯೆ ವಿಪರೀತ ಏರುತ್ತದೆ. ಅಂಥ ಬೇಸಿಗೆ ಕಂಡರೆ ಈ ಸಲ ತಯಾರಿ ಹೆಚ್ಚಿರಲಿ ಎಂದು ತಿಳಿಯಿರಿ.

ಆಗಸ್ಟ್ ಕೊನೆಗೆ, ಸೆಪ್ಟೆಂಬರ್‌ನಲ್ಲಿ ಹುಳಗಳು ಮರ ಬಿಟ್ಟು ಚಳಿಗಾಲದ ತಾಣ ಹುಡುಕುತ್ತವೆ. ಎರಡು ಮೈಲಿ ದೂರದವರೆಗೂ ಹಾರಬಲ್ಲವು. ಬಂದು ಕೂರುವುದು ಬಿಸಿಲು ಚೆನ್ನಾಗಿ ಬೀಳುವ ದಕ್ಷಿಣ, ಪಶ್ಚಿಮದ ಗೋಡೆಗಳ ಮೇಲೆ. ಹಾಗೆ ಬಿಸಿಲು ಕಾಯಿಸುವುದರಲ್ಲಿ ಮೈ ಬೆಚ್ಚಗಾಗಿಸಿಕೊಳ್ಳುವುದಕ್ಕಿಂತ ಹೆಚ್ಚಿನ ಲಾಭವೂ ಇರಬಹುದು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು ಪಶ್ಚಿಮದ ಜಾತಿಯ ಹುಳಗಳನ್ನು ಪರೀಕ್ಷಿಸಿದಾಗ, ಬಿಸಿಲಿನಲ್ಲಿ ಅವು ಹೊರಸೂಸುವ ಕೆಲವು ರಾಸಾಯನಿಕಗಳು ಕೀಟಗಳಿಗೆ ತಗಲುವ ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುವುದು ಕಂಡುಬಂತು. ಬಿಸಿಲು ಇಳಿದು ಚಳಿ ಏರಿದಂತೆ ಗೋಡೆಯ ಮೇಲಿದ್ದ ಹುಳಗಳು ಹತ್ತಿರದ ಬಿರುಕಿಗೆ ನುಸುಳುತ್ತವೆ.

ಟೊಳ್ಳು ಗೋಡೆಯ ಸಮಸ್ಯೆ

ನಮ್ಮೂರಿನ ಇಟ್ಟಿಗೆ-ಗಾರೆಯ ಗೋಡೆ ಒಳಗೂ ಗಟ್ಟಿ, ಹೊರಗೂ ಗಟ್ಟಿ. ಅಮೆರಿಕದ ಹೆಚ್ಚಿನ ಮನೆಗಳು ಮರದ ಚೌಕಟ್ಟಿನವು. ಹೊರಗೆ ವಿನೈಲ್ ಅಥವಾ ಮರದ ಹೊದಿಕೆ, ಅದರ ಹಿಂದೆ ಹಲಗೆ, ನಡುವೆ ಹತ್ತಿಯಂಥ ಇನ್ಸುಲೇಷನ್ ತುಂಬಿದ ಟೊಳ್ಳು, ಒಳಗಡೆ ಜಿಪ್ಸಂನ ಡ್ರೈವಾಲ್. ಬಿರುಕಿನಲ್ಲಿ ನುಸುಳಿದ ಹುಳ ನೇರ ನಿಮ್ಮ ಕೋಣೆಗೆ ಬರುವುದಿಲ್ಲ. ಆ ಟೊಳ್ಳಿನಲ್ಲೋ ಅಟ್ಟದಲ್ಲೋ ಮರಗಟ್ಟಿದಂತೆ ಬಿದ್ದಿರುತ್ತದೆ, ಏನೂ ತಿನ್ನುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಒಂದು ದಿನ ಒಳ್ಳೆಯ ಬಿಸಿಲು ಬಂದು ಗೋಡೆ ಕಾದರೆ ಸಾಕು, ವಸಂತ ಬಂತೆಂಬಂತೆ ಅದು ಎಚ್ಚರಗೊಳ್ಳುತ್ತದೆ. ಮನೆಯೊಳಗಿನ ಶಾಖ ಅದನ್ನು ಒಳಗಡೆಗೆ ಸೆಳೆಯುತ್ತದೆ. ಸ್ವಿಚ್ ಬೋರ್ಡಿನ ಅಂಚು, ನೆಲದಂಚಿನ ಪಟ್ಟಿಯ ಸಂದು, ಚಾವಣಿಯ ದೀಪದ ಸುತ್ತಲಿನ ತೆರವು, ಇಲ್ಲೆಲ್ಲ ಹಾದು ಕೋಣೆಗೆ ಬಂದು ಬೆಳಕಿರುವ ಕಿಟಕಿಯ ಕಡೆ ಹರಿಯುತ್ತದೆ. ಹಾಗೆ ಬಂದ ಹುಳ ಹೆಚ್ಚೆಂದರೆ ಒಂದು ವಾರ ಬದುಕೀತು. ಆದರೆ ಮುಂದಿನ ಬಿಸಿಲಿಗೆ ಗೋಡೆಯೊಳಗಿಂದ ಇನ್ನೊಂದು ಗುಂಪು ಹೊರಡುತ್ತದೆ. "ದಿನಾ ಹೊಡೀತೀವಿ, ದಿನಾ ಬರುತ್ತೆ" ಎಂದು ಜನ ಹೇಳುವುದು ಇದಕ್ಕೇ. ಅವೆಲ್ಲ ಒಳಗೆ ಹುಟ್ಟಿದವಲ್ಲ, ಶರತ್ಕಾಲದಲ್ಲೇ ಒಳಸೇರಿದವು.

ಎರಡು ಪೆನ್ನಿಯ ಅಳತೆ

ಒಂದು ಅಂಗುಲದ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿಲಿಮೀಟರ್ ತೆರವು ಇದ್ದರೆ ಈ ಹುಳ ನುಗ್ಗುತ್ತದೆ. ಎರಡು ಪೆನ್ನಿ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಆ ಜೋಡಿಯನ್ನು ಕೈಯಲ್ಲಿ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಅದು ತೂರುವ ಸಂದುಗಳೆಲ್ಲ ಹುಳಕ್ಕೆ ಬಾಗಿಲು. ದಕ್ಷಿಣ, ಪಶ್ಚಿಮದ ಗೋಡೆಗಳಿಂದ ಶುರು ಮಾಡಿ.

ಮುಖ್ಯವಾಗಿ ನೋಡಬೇಕಾದ ಜಾಗಗಳು ಇವು:

— ಎಸಿಯ ತಾಮ್ರದ ಪೈಪು, ಕೇಬಲ್, ಗ್ಯಾಸ್ ಪೈಪು, ಹೊರಗಿನ ನಲ್ಲಿ ಗೋಡೆಯನ್ನು ಹಾಯುವ ರಂಧ್ರಗಳ ಸುತ್ತ.

— ಕಿಟಕಿ, ಬಾಗಿಲುಗಳ ಚೌಕಟ್ಟು ಗೋಡೆಯ ಹೊದಿಕೆಗೆ ಸೇರುವಲ್ಲಿ.

— ಗೋಡೆಯ ಹೊದಿಕೆ ಬದಲಾಗುವಲ್ಲಿ, ಉದಾಹರಣೆಗೆ ಇಟ್ಟಿಗೆ ಮುಗಿದು ಮರದ ಹಲಗೆ ಶುರುವಾಗುವಲ್ಲಿ.

— ಸೂರಿನ ಕೆಳಗಿನ ಸೊಫಿಟ್ ಮತ್ತು ಅಟ್ಟದ ಗಾಳಿಕಿಂಡಿಗಳಲ್ಲಿ.

— ಬಾಗಿಲ ಕೆಳಗಿನ ಸಂದು, ಜಾರುಬಾಗಿಲಿನ ಕೆಳಮೂಲೆಗಳು, ಗರಾಜ್ ಬಾಗಿಲಿನ ಕೆಳಗಿನ ರಬ್ಬರು.

ಬಾಗಿಲುಗಳಿಗೆ ಒಂದು ಸುಲಭದ ಪರೀಕ್ಷೆ ಇದೆ. ಕತ್ತಲಾದ ಮೇಲೆ ಒಬ್ಬರು ಹೊರಗೆ ನಿಂತು ಬಾಗಿಲಂಚಿನ ಉದ್ದಕ್ಕೂ ನಿಧಾನವಾಗಿ ಟಾರ್ಚ್ ಆಡಿಸಲಿ, ಒಬ್ಬರು ದೀಪ ಆರಿಸಿ ಒಳಗಿನಿಂದ ನೋಡಲಿ. ಬೆಳಕು ತೂರಿ ಬಂದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಸಾಮಾನ್ಯವಾಗಿ ಬೆಳಕು ಕಾಣುವುದು ಹೊಸ್ತಿಲಿನ ಎರಡು ಮೂಲೆಗಳಲ್ಲಿ. ಬಾಗಿಲ ಕೆಳಗೆ ಡೋರ್ ಸ್ವೀಪ್ ಎಂಬ ಪಟ್ಟಿ, ಪಕ್ಕಗಳಿಗೆ ವೆದರ್‌ಸ್ಟ್ರಿಪ್ ಹಾಕಿದರೆ ಸರಿಹೋಗುತ್ತದೆ. ಎರಡೂ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತವೆ, ಸ್ಕ್ರೂಡ್ರೈವರ್ ಹಿಡಿಯಲು ಬಂದವರು ಹಾಕಿಕೊಳ್ಳಬಹುದು.

ಬಿರುಕು ಮುಚ್ಚುವ ಕ್ರಮ

ಸಣ್ಣ ಸಂದುಗಳಿಗೆ ಹೊರಗೋಡೆಗೆಂದೇ ಮಾಡಿದ ಕಾಕ್ ಬೇಕು. ಮೇಲೆ ಬಣ್ಣ ಹಚ್ಚಬೇಕಿದ್ದರೆ ಸಿಲಿಕೋನ್ ಬೆರೆತ ಅಕ್ರಿಲಿಕ್ ಲೇಟೆಕ್ಸ್ ಒಳ್ಳೆಯದು, ಬರಿಯ ಸಿಲಿಕೋನಿನ ಮೇಲೆ ಬಣ್ಣ ಹಿಡಿಯುವುದಿಲ್ಲ. ಮೊದಲು ಹಳೆಯ ಒಡೆದ ಕಾಕ್ ಕೆರೆದು ತೆಗೆಯಿರಿ, ಧೂಳು ಒರೆಸಿ, ಒದ್ದೆಯಿದ್ದರೆ ಒಣಗಲು ಬಿಡಿ. ಈ ಕೆಲಸಕ್ಕೆ ಬೇಸರಪಟ್ಟರೆ ಹೊಸ ಕಾಕ್ ಒಂದೇ ಚಳಿಗಾಲಕ್ಕೆ ಎದ್ದುಬರುತ್ತದೆ. ಮೂತಿಯನ್ನು ಓರೆಯಾಗಿ ಸಣ್ಣಗೆ ಕತ್ತರಿಸಿ, ಗನ್ನನ್ನು ಒಂದೇ ವೇಗದಲ್ಲಿ ಎಳೆಯುತ್ತಾ ಹೋಗಿ, ಕೊನೆಗೆ ಒದ್ದೆ ಬೆರಳಿನಿಂದ ಒತ್ತಿ ನಯ ಮಾಡಿ.

ಕಾಲು ಅಂಗುಲಕ್ಕಿಂತ ಅಗಲದ ಸಂದಿಗೆ ಬರಿ ಕಾಕ್ ತುಂಬಿದರೆ ನಿಲ್ಲುವುದಿಲ್ಲ. ಬ್ಯಾಕರ್ ರಾಡ್ ಎಂಬ ಫೋಮಿನ ಹುರಿಯನ್ನು ಮೊದಲು ಒಳಗೆ ತುರುಕಿ, ಅದರ ಮೇಲೆ ಕಾಕ್ ಎಳೆಯಬೇಕು. ಪೈಪಿನ ಸುತ್ತ ದೊಡ್ಡ ತೂತಿದ್ದರೆ ತಾಮ್ರದ ಬಲೆ ತುಂಬಿ ಮೇಲೆ ಮುಚ್ಚಿ. ಉಕ್ಕಿನ ಉಣ್ಣೆ ಬೇಡ, ಅದು ಹೊರಗಡೆ ತುಕ್ಕು ಹಿಡಿದು ಗೋಡೆಗೆ ಕಲೆ ಇಳಿಸುತ್ತದೆ. ಸೊಫಿಟ್, ಅಟ್ಟದ ಗಾಳಿಕಿಂಡಿಗಳನ್ನು ಮುಚ್ಚಬಾರದು, ಅಂಗುಲದ ಎಂಟನೇ ಒಂದು ಭಾಗಕ್ಕಿಂತ ಸಣ್ಣ ಕಣ್ಣಿರುವ ಲೋಹದ ಜಾಲರಿ ಹಾಕಬೇಕು. ಕಿಟಕಿಯ ಸೊಳ್ಳೆ ಪರದೆ ಹರಿದಿದ್ದರೆ ತೇಪೆ ಹಾಕಿ ಇಲ್ಲವೇ ಬದಲಿಸಿ.

ಮುಚ್ಚಲೇಬಾರದ ಜಾಗಗಳೂ ಇವೆ. ಇಟ್ಟಿಗೆ ಗೋಡೆಯ ಬುಡದಲ್ಲಿ, ವಿನೈಲ್ ಹೊದಿಕೆಯ ಕೆಳ ಅಂಚಿನಲ್ಲಿ, ಕಿಟಕಿಯ ಚೌಕಟ್ಟಿನ ತಳದಲ್ಲಿ ಬೇಕೆಂದೇ ಬಿಟ್ಟ ಸಣ್ಣ ತೂತುಗಳಿರುತ್ತವೆ. ಒಳಗೆ ಇಳಿದ ಮಳೆನೀರು ಹೊರಹೋಗುವ ದಾರಿ ಅದು. ಅಲ್ಲಿ ಕಾಕ್ ಹಚ್ಚಿದರೆ ನೀರು ಒಳಗೇ ನಿಂತು ಮರ ಕೊಳೆಯುತ್ತದೆ, ಹುಳಕ್ಕಿಂತ ದೊಡ್ಡ ಖರ್ಚು ಬರುತ್ತದೆ. ಇಟ್ಟಿಗೆಯ ತೂತುಗಳಿಗೆ ಗಾಳಿ-ನೀರು ಆಡುವಂಥ ಜಾಲರಿ ತುಂಡು ಹಾಕಬಹುದು. ಬಟ್ಟೆ ಒಣಗಿಸುವ ಯಂತ್ರದ ಹೊರಕೊಳವೆಗೆ ಮಾತ್ರ ಜಾಲರಿ ಬೇಡ. ನೂಲಿನ ಧೂಳು ಅದರಲ್ಲಿ ಕಟ್ಟಿಕೊಂಡು ಬೆಂಕಿಯ ಅಪಾಯ ಉಂಟಾಗುತ್ತದೆ. ಅದರ ರೆಪ್ಪೆ ಸರಿಯಾಗಿ ಮುಚ್ಚಿಕೊಳ್ಳುತ್ತದೆಯೇ ನೋಡಿದರೆ ಸಾಕು. ಫರ್ನೆಸ್, ವಾಟರ್ ಹೀಟರ್‌ಗಳ ಹೊಗೆ ಕೊಳವೆಗಳನ್ನೂ ಮುಟ್ಟಬೇಡಿ. ಅವು ಕಟ್ಟಿಕೊಂಡರೆ ವಿಷಾನಿಲ ಮನೆಯೊಳಗೆ ತುಂಬುತ್ತದೆ.

ವಿನೈಲ್ ಹೊದಿಕೆಯ ಮನೆಯನ್ನು ಹೊರಗಿನಿಂದ ಪೂರ್ತಿ ಬಿಗಿ ಮಾಡುವುದು ಆಗದ ಕೆಲಸ. ಹಾಗಾಗಿ ಒಳಗಿನ ಗೆರೆಯನ್ನೂ ಕಾಯಬೇಕು. ಹೊರಗೋಡೆಯ ಸ್ವಿಚ್ ಮತ್ತು ಪ್ಲಗ್ ಫಲಕಗಳ ಹಿಂದೆ ಹಾಕುವ ಫೋಮ್ ಹಾಳೆ ಸಿಗುತ್ತದೆ. ಕರೆಂಟಿನ ಬ್ರೇಕರ್ ಆಫ್ ಮಾಡಿ ಫಲಕ ಬಿಚ್ಚಿ ಹಾಕಿ. ನೆಲದಂಚಿನ ಪಟ್ಟಿ, ಕಿಟಕಿಯ ಒಳಚೌಕಟ್ಟುಗಳ ಸಂದಿಗೆ ಕಾಕ್ ಎಳೆಯಿರಿ. ಅಟ್ಟದ ಮುಚ್ಚಳದ ಅಂಚಿಗೆ ವೆದರ್‌ಸ್ಟ್ರಿಪ್ ಅಂಟಿಸಿ. ಗೋಡೆಯೊಳಗೆ ಹುಳ ಇದ್ದರೂ ಕೋಣೆಗೆ ಬಾರದು.

ಇದೆಲ್ಲ ಆಗಸ್ಟ್‌ನಲ್ಲೇ ಯಾಕೆ? ಹುಳ ಗೋಡೆಗೆ ಬರುವ ಮುಂಚೆ ಬಾಗಿಲು ಮುಚ್ಚಿರಬೇಕು ಎಂಬುದು ಒಂದು ಕಾರಣ. ಅಕ್ಟೋಬರ್‌ನಲ್ಲಿ ಮುಚ್ಚಿದರೆ ಒಳಸೇರಿದ ಹುಳಗಳಿಗೆ ಹೊರಹೋಗುವ ದಾರಿಯನ್ನೂ ಮುಚ್ಚಿದಂತೆ. ಇನ್ನೊಂದು ಕಾರಣ ಕಾಕ್‌ನದು. ಹೆಚ್ಚಿನವು 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿಯಿದ್ದರೆ ಸರಿಯಾಗಿ ಹಿಡಿಯುವುದಿಲ್ಲ.

ಗೋಡೆಯ ಮೇಲೆ ಆಗಲೇ ಕೂತಿದ್ದರೆ

ಒಂದು ಗ್ಯಾಲನ್ ನೀರಿಗೆ ಅರ್ಧ ಕಪ್ ಬಟ್ಟೆ ಒಗೆಯುವ ದ್ರವ ಸೋಪು ಬೆರೆಸಿ ಸ್ಪ್ರೇ ಬಾಟಲಿನಿಂದ ಹುಳದ ಮೈಗೇ ತಾಗುವಂತೆ ಹೊಡೆಯಿರಿ. ಸೋಪು ಮೈಮೇಲಿನ ಮೇಣದ ಪದರ ಕರಗಿಸಿ, ಉಸಿರಾಟದ ರಂಧ್ರ ಕಟ್ಟಿಸಿ ಹುಳವನ್ನು ಸಾಯಿಸುತ್ತದೆ. ಗೋಡೆಯ ಮೇಲೆ ಅದರ ಪ್ರಭಾವ ಉಳಿಯುವುದಿಲ್ಲ, ನಾಳೆ ಬಂದ ಹುಳಕ್ಕೆ ನಾಳೆ ಮತ್ತೆ ಹೊಡೆಯಬೇಕು. ಹೂಗಿಡಗಳಿಗೆ ತಾಗದಿರಲಿ, ಮೊದಲು ಗೋಡೆಯ ಒಂದು ಮೂಲೆಯಲ್ಲಿ ಹೊಡೆದು ಬಣ್ಣ ಕೆಡುವುದಿಲ್ಲ ಎಂದು ನೋಡಿಕೊಳ್ಳಿ.

ಪ್ರತಿವರ್ಷ ಸಾವಿರಗಟ್ಟಲೆ ಬರುವ ಮನೆಗಳಿಗೆ ಬೈಫೆಂತ್ರಿನ್, ಪರ್ಮೆತ್ರಿನ್‌ನಂಥ ಪೈರೆತ್ರಾಯ್ಡ್ ಔಷಧಿಗಳನ್ನು ಹೊರಗೋಡೆಗೆ ಹೊಡೆಸುವ ಪದ್ಧತಿ ಇದೆ. ಅದೂ ಹುಳ ಬರತೊಡಗುವ ಹೊತ್ತಿಗೆ, ಬಾಗಿಲು-ಕಿಟಕಿ-ಸೂರುಗಳ ಅಂಚಿಗೆ ಮಾತ್ರ. ಈ ಔಷಧಿಗಳು ಜೇನ್ನೊಣಕ್ಕೂ ಮೀನಿಗೂ ಮಾರಕ. ಪರ್ಮೆತ್ರಿನ್ ಬೆಕ್ಕಿಗೆ ವಿಷ. ಹೂಬಿಟ್ಟ ಗಿಡದ ಮೇಲೆ, ಮಳೆ ಬರುವ ಮುನ್ನ, ಚರಂಡಿಗೆ ಹರಿಯುವಲ್ಲಿ ಹೊಡೆಯಬಾರದು. ಡಬ್ಬಿಯ ಮೇಲಿನ ಸೂಚನೆ ಮೀರುವುದು ಅಮೆರಿಕದಲ್ಲಿ ಕಾನೂನುಭಂಗ. ಬಿರುಕು ಮುಚ್ಚಿದ ಮೇಲೂ ಸಾಲದಿದ್ದರೆ ಮಾತ್ರ ಈ ದಾರಿ ಹಿಡಿಯಿರಿ, ಪರವಾನಗಿ ಇರುವವರಿಂದಲೇ ಮಾಡಿಸಿ.

ಒಳಗೆ ಬಂದದ್ದಕ್ಕೆ ವ್ಯಾಕ್ಯೂಮ್ ಸಾಕು

ಮನೆಯೊಳಗೆ ಬಂದ ಹುಳಕ್ಕೆ ವ್ಯಾಕ್ಯೂಮ್ ಕ್ಲೀನರ್‌ಗಿಂತ ಒಳ್ಳೆಯ ಮದ್ದಿಲ್ಲ. ಯಂತ್ರದೊಳಗೆ ವಾಸನೆ ಹಿಡಿಯದಿರಲು ಕೊಳವೆಯ ಬಾಯಿಗೆ ಹಳೆಯ ನೈಲಾನ್ ಕಾಲುಚೀಲವನ್ನು ಒಳಮುಖವಾಗಿ ತೂರಿಸಿ, ಅಂಚನ್ನು ಹೊರಗೆ ಮಡಚಿ ರಬ್ಬರ್ ಬ್ಯಾಂಡ್ ಹಾಕಿ. ಹುಳಗಳು ಚೀಲದಲ್ಲೇ ನಿಲ್ಲುತ್ತವೆ. ಯಂತ್ರ ಆಫ್ ಮಾಡುವ ಮುನ್ನ ಚೀಲವನ್ನು ಎಳೆದು ಬಾಯಿ ಕಟ್ಟಿ ಸೋಪಿನ ನೀರಿಗೆ ಹಾಕಿ. ಗೋಡೆಗೆ ಒತ್ತಿ ಹೊಸಕಬೇಡಿ, ಕಲೆ ಹೋಗದು.

ಗೋಡೆಯ ಟೊಳ್ಳಿಗೆ ಮದ್ದು ಹೊಡೆಸುವುದು ದೊಡ್ಡ ತಪ್ಪು. ಒಳಗೆ ಸತ್ತು ಬಿದ್ದ ಹುಳಗಳ ರಾಶಿಗೆ ಕಾರ್ಪೆಟ್ ಬೀಟಲ್ ಎಂಬ ಇನ್ನೊಂದು ಕೀಟ ಬರುತ್ತದೆ. ಸತ್ತ ಹುಳ ಮುಗಿದ ಮೇಲೆ ಅದರ ಮರಿಗಳು ಉಣ್ಣೆಯ ಶಾಲು, ರೇಷ್ಮೆ ಸೀರೆ, ಡಬ್ಬಿಯ ಧಾನ್ಯ ಎಲ್ಲಕ್ಕೂ ಬಾಯಿ ಹಾಕುತ್ತವೆ. ನಿರುಪದ್ರವಿ ಹುಳವನ್ನು ಕೊಲ್ಲಹೋಗಿ ನಿಜವಾದ ಹಾನಿಕಾರಿಯನ್ನು ಕರೆದಂತಾಗುತ್ತದೆ. ಕೋಣೆಯಲ್ಲಿ ಹೊಗೆಯಂತೆ ಮದ್ದು ಉಗುಳುವ ಬಗ್ ಬಾಂಬ್ ಕೂಡ ಬೇಡ. ಅದು ಗೋಡೆಯೊಳಗೆ ತಲುಪುವುದಿಲ್ಲ, ಆದರೆ ಮಕ್ಕಳು ಆಡುವ ನೆಲದ ಮೇಲೆ, ಅಡುಗೆ ಕಟ್ಟೆಯ ಮೇಲೆ ವಿಷ ಕೂರಿಸುತ್ತದೆ.

ಕನ್ನಡಿಗರ ಮನೆಗಳಿಗೆ ಇನ್ನೊಂದು ಮಾತು. ಬೇಸಿಗೆಯೆಲ್ಲ ಹೊರಗಿದ್ದ ಕರಿಬೇವು, ತುಳಸಿ, ಮಲ್ಲಿಗೆಯ ಕುಂಡಗಳನ್ನು ಚಳಿಗೆ ಹೆದರಿ ನಾವು ಒಳತರುವುದು ಸರಿಯಾಗಿ ಹುಳ ತಾಣ ಹುಡುಕುವ ದಿನಗಳಲ್ಲೇ. ತರುವ ಮುನ್ನ ಎಲೆಯ ಅಡಿ, ಕುಂಡದ ತಳ, ಕೆಳಗಿಟ್ಟ ತಟ್ಟೆ ನೋಡಿ, ನೀರು ಚಿಮುಕಿಸಿ ತೊಳೆಯಿರಿ.

ಮರ ಕಡಿಯಬೇಕೆ?

ಮನೆಯ ಪಕ್ಕದಲ್ಲೇ ಬೀಜ ತುಂಬಿದ ಹೆಣ್ಣು ಬಾಕ್ಸೆಲ್ಡರ್ ಇದ್ದರೆ ಅದನ್ನು ತೆಗೆಸಿದ ಮೇಲೆ ಹುಳ ಸ್ವಲ್ಪ ಕಡಿಮೆಯಾಗಬಹುದು. ಆದರೆ ಎರಡು ಮೈಲಿ ಹಾರಬಲ್ಲ ಹುಳಕ್ಕೆ ನೆರೆಯವರ ಮರ, ಹಳ್ಳದ ಬದಿಯ ಮರ ಎಲ್ಲ ಒಂದೇ. ನೆರಳು ಕೊಡುವ ಮರವೊಂದನ್ನು ಈ ಕಾರಣಕ್ಕೆ ಕಡಿಯುವುದು ಸರಿಯಲ್ಲ. ಬುಡದಲ್ಲಿ ಬಿದ್ದ ಬೀಜ ಗುಡಿಸಿ ತೆಗೆಯಿರಿ. ಅಡಿಪಾಯದ ಸುತ್ತ ತರಗೆಲೆ, ಸೌದೆ, ಹಲಗೆಗಳ ರಾಶಿ ಇಡಬೇಡಿ. ಹೊಸದಾಗಿ ನೆಡುವವರು ಬೇರೆ ಮರ ಆರಿಸಿಕೊಳ್ಳಿ.

ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ, ಟೌನ್‌ಹೋಮಿನಲ್ಲಿ ಇರುವವರಿಗೆ ಹೊರಗೋಡೆಯ ಮೇಲೆ ಅಧಿಕಾರವಿರುವುದಿಲ್ಲ. ಅಂಥವರು ಬೇಸಿಗೆಯಲ್ಲೇ ಸಂದುಗಳ ಫೋಟೊ ತೆಗೆದು ಮ್ಯಾನೇಜ್‌ಮೆಂಟಿಗೋ ಸಂಘಕ್ಕೋ ಬರೆದು ಕಳಿಸಿ. ಒಳಗಿನ ಸಂದು, ಬಾಗಿಲಿನ ಪಟ್ಟಿ, ಪರದೆಗಳನ್ನು ಅನುಮತಿ ಕೇಳಿ ನೀವೇ ಸರಿಮಾಡಿಕೊಳ್ಳಬಹುದು.

ಮಿನೆಸೋಟದ ಮಿನಿಯೋಟ ಎಂಬ ಪುಟ್ಟ ಊರಿನ ಜನ ಪ್ರತಿ ಸೆಪ್ಟೆಂಬರ್‌ನಲ್ಲಿ ಈ ಹುಳದ ಹೆಸರಿನಲ್ಲೇ ಊರಹಬ್ಬ ಮಾಡುತ್ತಾರೆ. ಅದೇ ಊರಿನ ಲೇಖಕ ಬಿಲ್ ಹೋಮ್ 1985ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ಹೊರತಂದರು. ತಲೆಮಾರುಗಳಿಂದ ಇದರ ಜೊತೆ ಬದುಕಿದವರಿಗೆ ಗೊತ್ತು, ಇದು ಹೆದರಬೇಕಾದ ಜೀವಿಯಲ್ಲ, ಹೊರಗಿರಬೇಕಾದ ಜೀವಿ.

ಅದನ್ನು ಹೊರಗೇ ಇರಿಸುವ ಕಾಕ್, ಜಾಲರಿ, ಡೋರ್ ಸ್ವೀಪ್‌ಗಳಿಂದ ಇಲಿ, ಸ್ಟಿಂಕ್ ಬಗ್, ಲೇಡಿಬಗ್‌ಗಳಿಗೂ ದಾರಿ ತಪ್ಪುತ್ತದೆ, ತಣ್ಣನೆಯ ಗಾಳಿಯೂ ನಿಂತು ಹೀಟಿಂಗ್ ಬಿಲ್ ಇಳಿಯುತ್ತದೆ. ಆಗಸ್ಟ್‌ನ ಒಂದು ಶನಿವಾರವನ್ನು ಈ ಕೆಲಸಕ್ಕೆ ಎತ್ತಿಡಿ. ಮದ್ದಿನ ಡಬ್ಬಿ ಕೊಳ್ಳುವ ಮೊದಲು ಎರಡು ಪೆನ್ನಿ ಹಿಡಿದು ಮನೆಯನ್ನು ಒಮ್ಮೆ ಸುತ್ತಿ ಬನ್ನಿ.